ಎಸ್‌ಇಒ ಕೆಲಸ ಒಪ್ಪಿಸುವ ಮುನ್ನ: ಕೊಡಗಿನ ಹೋಂಸ್ಟೇಯವರಿಗೆ, ಕಾಫಿ ಮಾರುವವರಿಗೆ ಹಂತ ಹಂತದ ಮಾರ್ಗದರ್ಶಿ

ಜೂನ್ ತಿಂಗಳು. ಮಳೆ ಹಿಡಿದಿದೆ. ಮೂರು ರೂಮೂ ಖಾಲಿ. ಆಗ ಫೋನ್ ಬರುತ್ತದೆ. "ಸರ್, ನಿಮ್ಮ ಹೋಂಸ್ಟೇ ಗೂಗಲ್‌ನಲ್ಲಿ ಕಾಣಿಸ್ತಾನೇ ಇಲ್ಲ. 30 ದಿನದಲ್ಲಿ ಮೊದಲನೇ ಸ್ಥಾನಕ್ಕೆ ತರ್ತೀವಿ. ಗ್ಯಾರಂಟಿ."

ನಾನು ಆ ಮಾತಿಗೆ ಒಪ್ಪಿದವನು. ಒಂದು ವರ್ಷದ ಹಣ ಮುಂಗಡ ಕೊಟ್ಟೆ. ತಿಂಗಳು ತಿಂಗಳು ಬಣ್ಣಬಣ್ಣದ ರಿಪೋರ್ಟ್ ಬಂತು, ಅತಿಥಿಗಳು ಬರಲಿಲ್ಲ. ಸಾಕು ಅಂತ ಬಿಡಲು ಹೊರಟಾಗ ಇನ್ನೊಂದು ವಿಷಯ ಗೊತ್ತಾಯಿತು. ನಮ್ಮ ಮನೆಯ ಹೆಸರಿನ ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಅವರ ಹೆಸರಿನಲ್ಲಿ ನೋಂದಣಿಯಾಗಿತ್ತು. ಹಣ ಹೋಗಿದ್ದಕ್ಕಿಂತ ಅದು ಜಾಸ್ತಿ ನೋಯಿಸಿತು.

ಆ ಮೇಲೆ ಈ ಕೆಲಸವನ್ನು ಕೂತು ಕಲಿತೆ. ಎಸ್‌ಇಒ ಅಂದರೆ ಗೂಗಲ್‌ನಲ್ಲಿ ಹುಡುಕಿದಾಗ ನಮ್ಮ ವೆಬ್‌ಸೈಟ್ ಮೇಲೆ ಕಾಣುವ ಹಾಗೆ ಅದನ್ನು ತಿದ್ದುವ ಕೆಲಸ. ಅದು ಮೋಸದ ಕೆಲಸವಲ್ಲ. ಚೆನ್ನಾಗಿ ಮಾಡುವವರು ಇದ್ದಾರೆ, ಅದರಿಂದ ಉಪಯೋಗವೂ ಇದೆ. ನಾನು ತಪ್ಪಿದ್ದು ಕೇಳುವ ರೀತಿಯಲ್ಲಿ. ಎಷ್ಟನೇ ಸ್ಥಾನಕ್ಕೆ ತರ್ತೀರಿ ಅಂತ ಕೇಳಿದೆ. ಏನೇನು ಕೆಲಸ ಮಾಡ್ತೀರಿ ಅಂತ ಕೇಳಬೇಕಿತ್ತು. ತೋಟದಲ್ಲಿ ನಾವು ಹಾಗೇ ತಾನೇ ಮಾಡುವುದು? ಹೂಮಳೆ ಯಾವಾಗ ಬೀಳುತ್ತದೆ ಎಂದು ಯಾರೂ ಬರೆದುಕೊಡಲಾರರು. ಆದರೆ ಕಪಾತು ಆಗಿದೆಯೋ ಇಲ್ಲವೋ, ಗೊಬ್ಬರ ಬಿದ್ದಿದೆಯೋ ಇಲ್ಲವೋ ಅಂತ ತೋಟಕ್ಕೆ ಇಳಿದು ನೋಡಬಹುದು.

ಹಂತ 1: ದುಡ್ಡಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಗೂಗಲ್‌ನಲ್ಲಿ ಹುಡುಕಿದಾಗ ಎರಡು ಬಗೆಯ ಫಲಿತಾಂಶ ಬರುತ್ತವೆ. ಮೇಲೆ "ಸ್ಪಾನ್ಸರ್ಡ್" ಎಂದು ಬರೆದಿರುವುದು ಜಾಹೀರಾತು. ಅದಕ್ಕೆ ಹಣ ಕೊಟ್ಟರೆ ಕಾಣಿಸುತ್ತದೆ, ನಿಲ್ಲಿಸಿದರೆ ಅವತ್ತೇ ಮಾಯ. ಉಳಿದದ್ದು ಸಹಜ ಫಲಿತಾಂಶ. ಅಲ್ಲಿ ಮೇಲೆ ಬರಲು ಗೂಗಲ್ ಯಾರಿಂದಲೂ ಹಣ ತೆಗೆದುಕೊಳ್ಳುವುದಿಲ್ಲ.

ಮೊದಲನೇ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು. ಎಸ್‌ಇಒ ಸೇವೆ ಪಡೆಯುವವರಿಗೆ ಗೂಗಲ್ ತಾನೇ ಕೊಟ್ಟಿರುವ ಸಲಹೆಯಲ್ಲಿ ಈ ಮಾತು ನೇರವಾಗಿದೆ. ಗೂಗಲ್ ಜೊತೆ ನಮಗೆ ವಿಶೇಷ ಸಂಬಂಧ ಇದೆ ಎನ್ನುವವರಿಂದ ದೂರ ಇರಿ ಎಂದೂ ಅದು ಹೇಳುತ್ತದೆ.

ಇನ್ನು ಮ್ಯಾಪ್ ಜೊತೆಗೆ ಬರುವ ಪಟ್ಟಿ. ಹೋಂಸ್ಟೇಯವರಿಗೆ ಇದೇ ಮುಖ್ಯ. ಅಲ್ಲಿ ಗೂಗಲ್ ಮೂರು ವಿಷಯ ನೋಡುತ್ತದೆ: ಹುಡುಕಿದ್ದಕ್ಕೂ ನಿಮ್ಮ ವ್ಯವಹಾರಕ್ಕೂ ಎಷ್ಟು ಹೊಂದಿಕೆ ಇದೆ, ನೀವು ಎಷ್ಟು ದೂರದಲ್ಲಿದ್ದೀರಿ, ನಿಮಗೆ ಎಷ್ಟು ಹೆಸರಿದೆ. ದೂರವನ್ನು ಯಾವ ಕಂಪನಿಯೂ ಬದಲಿಸಲು ಆಗುವುದಿಲ್ಲ. ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ನಿಂತು "ಹತ್ತಿರದ ಹೋಂಸ್ಟೇ" ಎಂದು ಹುಡುಕುವವರಿಗೆ ಕಕ್ಕಬ್ಬೆಯ ಮನೆ ಮೊದಲು ಬರುವುದಿಲ್ಲ. ಬರಬೇಕಾಗಿಯೂ ಇಲ್ಲ.

ಹಂತ 2: ನಿಮಗೆ ಇದು ಬೇಕಾ? ಮೊದಲು ಲೆಕ್ಕ ಹಾಕಿ

ಒಂದು ಉದಾಹರಣೆ ಕೊಡುತ್ತೇನೆ. ಅಂಕಿಗಳು ಲೆಕ್ಕ ತೋರಿಸಲು ಮಾತ್ರ, ಆ ಜಾಗದಲ್ಲಿ ನಿಮ್ಮದನ್ನು ಹಾಕಿಕೊಳ್ಳಿ. ತಿಂಗಳಿಗೆ 12,000 ರೂಪಾಯಿ ಶುಲ್ಕ. ಅದಕ್ಕೆ 18% ಜಿಎಸ್‌ಟಿ ಸೇರಿ 14,160. ಊಟ, ಕೆಲಸದವರು, ಬಟ್ಟೆ ಒಗೆತ, ಕರೆಂಟು ಎಲ್ಲಾ ಕಳೆದು ಒಂದು ರೂಮಿನ ಒಂದು ರಾತ್ರಿಗೆ ನಿಮ್ಮ ಕೈಯಲ್ಲಿ 1,200 ಉಳಿಯುತ್ತದೆ ಅನ್ನೋಣ. ಆ ಶುಲ್ಕ ಹುಟ್ಟಬೇಕಾದರೆ ಪ್ರತಿ ತಿಂಗಳೂ 12 ರೂಮ್ ರಾತ್ರಿ ಹೆಚ್ಚಾಗಿ ತುಂಬಬೇಕು. ಶುಕ್ರವಾರ, ಶನಿವಾರ ನಿಮ್ಮಲ್ಲಿ ಈಗಲೇ ಭರ್ತಿ ಇದ್ದರೆ ಆ 12 ರಾತ್ರಿಯೂ ವಾರದ ನಡುವೆಯೇ ಬರಬೇಕು.

ಬರುತ್ತದೆ ಅನಿಸಿದರೆ ಮುಂದುವರಿಯಿರಿ. ಇಲ್ಲ ಅನಿಸಿದರೆ ಮುಂದಿನ ಹಂತ ಮಾಡಿ ಅಲ್ಲಿಗೇ ನಿಲ್ಲಿಸಿ. ಎರಡು ರೂಮಿನ ಮನೆಗೆ ತಿಂಗಳ ಶುಲ್ಕದ ಎಸ್‌ಇಒ ಬೇಡ ಎಂಬುದು ನನ್ನ ಅಭಿಪ್ರಾಯ. ಒಳ್ಳೆಯ ಕೆಲಸಗಾರರು ಈ ಮಾತನ್ನು ತಾವೇ ಹೇಳುತ್ತಾರೆ.

ಹಂತ 3: ಬಿಟ್ಟಿ ಕೆಲಸವನ್ನು ನೀವೇ ಮುಗಿಸಿ

ಗೂಗಲ್ ಬಿಸಿನೆಸ್ ಪ್ರೊಫೈಲ್ ಅಂದರೆ ಮ್ಯಾಪ್‌ನಲ್ಲಿ, ಹುಡುಕಾಟದಲ್ಲಿ ನಿಮ್ಮ ಹೆಸರು, ಫೋನ್, ಫೋಟೊ ತೋರಿಸುವ ಪುಟ. ಅದು ಉಚಿತ. ನಿಮ್ಮ ಸ್ವಂತ ಈಮೇಲಿನಿಂದ ತೆರೆಯಿರಿ. ಹೆಸರನ್ನು ಬೋರ್ಡಿನ ಮೇಲೆ ಇರುವ ಹಾಗೆಯೇ ಬರೆಯಿರಿ. ಹೆಸರಿನ ಮುಂದೆ "ಬೆಸ್ಟ್ ಹೋಂಸ್ಟೇ ಇನ್ ಕೂರ್ಗ್" ಅಂತ ಸೇರಿಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ಪ್ರೊಫೈಲ್ ಅಮಾನತು ಆಗಬಹುದು.

ಮ್ಯಾಪಿನ ಗುರುತಿಗೆ ಸ್ವಲ್ಪ ಸಮಯ ಕೊಡಿ. ನಮ್ಮ ಕಡೆ ತೋಟದ ರಸ್ತೆಗಳು ಕವಲೊಡೆಯುತ್ತಾ ಹೋಗುತ್ತವೆ. ಗುರುತು ತೋಟದ ಮಧ್ಯದಲ್ಲಿ ಬಿದ್ದಿದ್ದರೆ ಕಾರು ಪಕ್ಕದವರ ಲೈನ್ ಮನೆ (ತೋಟದ ಕೆಲಸದವರ ಸಾಲು ಮನೆ) ಮುಂದೆ ಹೋಗಿ ನಿಲ್ಲುತ್ತದೆ. ರಾತ್ರಿ ಎಂಟು ಗಂಟೆ, ಮಂಜು, ಫೋನಿನಲ್ಲಿ ಸಿಗ್ನಲ್ ಇಲ್ಲ. ಹಾಗೆ ಸುತ್ತಿ ಬಂದವರು ಬರೆಯುವ ವಿಮರ್ಶೆ ಹೇಗಿರುತ್ತದೆ ಯೋಚಿಸಿ. ಗುರುತನ್ನು ಗೇಟಿನ ಮೇಲೆ ಇಡಿ. ಗೇಟಿನ ಫೋಟೊ ಹಾಕಿ.

ಎರಡನೆಯದು ಗೂಗಲ್ ಸರ್ಚ್ ಕನ್ಸೋಲ್. ಇದೂ ಉಚಿತ. ಜನ ಯಾವ ಪದ ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು ಎಂಬುದು ಅಲ್ಲಿ ಸಿಗುತ್ತದೆ. 16 ತಿಂಗಳ ಹಳೆಯ ಲೆಕ್ಕ ಇಟ್ಟುಕೊಂಡಿರುತ್ತದೆ. ಯಾರನ್ನೂ ಹಿಡಿಯುವ ಮೊದಲೇ ಇದನ್ನು ತೆರೆದಿಡಿ. ಇಲ್ಲವಾದರೆ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಹೇಳಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಹಂತ 4: ನಿಮ್ಮ ಜಾಗದ ಬಗ್ಗೆ ನಿಜ ಬರೆದಿಡಿ

ಪ್ರಾಮಾಣಿಕತೆ ನಮ್ಮ ಕಡೆಯಿಂದಲೂ ಬೇಕು. ನಾವೇ ಸುಳ್ಳು ಮಾಹಿತಿ ಕೊಟ್ಟರೆ ಅವರು ಅದನ್ನೇ ಚೆಂದ ಮಾಡಿ ಬರೆಯುತ್ತಾರೆ.

ಒಂದು ಹಾಳೆ ತೆಗೆದುಕೊಳ್ಳಿ. ಮುಖ್ಯ ರಸ್ತೆಯಿಂದ ಎಷ್ಟು ದೂರ, ಅದರಲ್ಲಿ ಮಣ್ಣಿನ ರಸ್ತೆ ಎಷ್ಟು, ಸಣ್ಣ ಕಾರು ಮಳೆಗಾಲದಲ್ಲಿ ಬರುತ್ತದೋ ಇಲ್ಲವೋ. ಯಾವ ಕಂಪನಿಯ ಸಿಮ್‌ಗೆ ಸಿಗ್ನಲ್ ಸಿಗುತ್ತದೆ. ಜುಲೈನಲ್ಲಿ ಕರೆಂಟ್ ಹೋದರೆ ಜನರೇಟರ್ ಎಷ್ಟು ಹೊತ್ತು ಓಡುತ್ತದೆ. ಇದನ್ನೆಲ್ಲ ಬರೆಯಿರಿ. "ವೈಫೈ ಇದೆ" ಎಂಬ ಒಂದು ಸಾಲು ನೋಡಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದು ಕೆಲಸ ಮಾಡಲು ಬರುವವರಿದ್ದಾರೆ. ಎರಡು ದಿನ ನೆಟ್ ಇಲ್ಲದಿದ್ದರೆ ಅವರ ಕೆಲಸವೇ ಕೆಡುತ್ತದೆ. ನಾಲ್ಕು ವರ್ಷದ ಹಿಂದೆ ಕಟ್ಟಿದ ಮನೆಯನ್ನು ಐನ್‌ಮನೆ (ಕೊಡವರ ಪೂರ್ವಿಕರ ಮನೆ) ಎಂದು ಬರೆಯಬೇಡಿ. ದುಬಾರೆ ಒಂದೂವರೆ ಗಂಟೆ ದಾರಿಯಾದರೆ "ದುಬಾರೆ ಸಮೀಪ" ಅನ್ನಬೇಡಿ.

ಇದರಿಂದ ಹುಡುಕಾಟಕ್ಕೂ ಲಾಭವಿದೆ. "ಕೂರ್ಗ್ ಹೋಂಸ್ಟೇ" ಎಂದು ಹುಡುಕಿ ನೋಡಿ. ದೊಡ್ಡ ಬುಕಿಂಗ್ ಜಾಲತಾಣಗಳೇ ಸಾಲಾಗಿ ಬರುತ್ತವೆ. ಅವುಗಳನ್ನು ಮೂರು ರೂಮಿನ ಮನೆಯ ವೆಬ್‌ಸೈಟ್ ಹಿಂದೆ ಹಾಕುತ್ತದೆ ಎಂದು ನಿರೀಕ್ಷಿಸುವುದು ಸರಿಯಲ್ಲ. ಆದರೆ "ತಡಿಯಂಡಮೋಳ್ ಚಾರಣಕ್ಕೆ ಹತ್ತಿರ ಉಳಿಯುವ ಜಾಗ", "ಇರ್ಪು ಜಲಪಾತದ ಹತ್ತಿರ ಹೋಂಸ್ಟೇ", "ವಯಸ್ಸಾದವರಿಗೆ ಮೆಟ್ಟಿಲು ಇಲ್ಲದ ರೂಮು" ಎಂದು ಹುಡುಕುವವರು ಕಡಿಮೆ ಇದ್ದರೂ ಅವರಿಗೆ ಬೇಕಾದದ್ದು ನಿಮ್ಮ ಹತ್ತಿರವೇ ಇರಬಹುದು. ಗೆಲ್ಲಲು ಆಗುವ ಜಾಗ ಇದು. ತಡಿಯಂಡಮೋಳ್ 1,748 ಮೀಟರ್ ಎತ್ತರದ, ಜಿಲ್ಲೆಯ ಅತಿ ಎತ್ತರದ ಶಿಖರ. ಅದರ ಬುಡದಲ್ಲಿ ಹುಟ್ಟಿ ಬೆಳೆದವರಿಗೆ ಆ ದಾರಿಯ ಬಗ್ಗೆ ಗೊತ್ತಿರುವಷ್ಟು ದೆಹಲಿಯಲ್ಲಿ ಕೂತು ಬರೆಯುವವರಿಗೆ ಗೊತ್ತಿರುವುದಿಲ್ಲ.

ಹೆಸರಿನ ವಿಷಯವೂ ಇದೆ. ನಾವು ಕೊಡಗು ಅನ್ನುತ್ತೇವೆ, ಹೊರಗಿನವರು ಕೂರ್ಗ್ ಅನ್ನುತ್ತಾರೆ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ಮೊದಲು ಸರ್ಕಾರಿ ಕಾಗದದಲ್ಲೂ ಕೂರ್ಗ್ ಎಂದೇ ಇತ್ತು. ಪುಟದಲ್ಲಿ ಎರಡೂ ಸಹಜವಾಗಿ ಬರಲಿ. ಕನ್ನಡದಲ್ಲಿ ಒಂದು ಪುಟ ಇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮೈಸೂರು, ಹಾಸನ, ಮಂಗಳೂರಿನಿಂದ ಬರುವವರು ನಮ್ಮವರೇ ಅಲ್ವಾ?

ಕಾಫಿ ಪುಡಿ ಮಾರುವವರಿಗೆ ಒಂದು ಎಚ್ಚರಿಕೆ. ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ, ಅಂದರೆ ಆ ಹೆಸರು ಈ ನೆಲದ ಆ ಬೆಳೆಗೇ ಮೀಸಲು. ನಿಮ್ಮ ಚೀಲದಲ್ಲಿ ರೊಬಸ್ಟಾ ಇದ್ದು, ಎಸ್‌ಇಒದವರು "ಜನ ಇದನ್ನೇ ಹುಡುಕ್ತಾರೆ" ಎಂದು ಪುಟದ ತುಂಬಾ ಆ ಹೆಸರು ತುಂಬಿದರೆ ಉತ್ತರ ಕೊಡಬೇಕಾದವರು ನೀವು.

ಹಂತ 5: ಮಾತುಕತೆಗೆ ಕೂತಾಗ

ಕನಿಷ್ಠ ಮೂವರ ಹತ್ತಿರ ಮಾತಾಡಿ. ಮೊದಲು ಅವರು ನಿಮ್ಮನ್ನು ಏನು ಕೇಳುತ್ತಾರೆ ಅಂತ ಗಮನಿಸಿ. ಯಾವ ತಿಂಗಳು ಖಾಲಿ ಇರುತ್ತದೆ, ಯಾವ ಊರಿನವರು ಬರುತ್ತಾರೆ, ಫೋನ್ ಎತ್ತುವವರು ಯಾರು ಎಂದು ಕೇಳುವವರು ಕೆಲಸ ಬಲ್ಲವರು. ಸೈಟ್ ನೋಡದೆಯೇ ಪ್ಯಾಕೇಜ್ ದರ ಹೇಳುವವರು ಎಲ್ಲರಿಗೂ ಒಂದೇ ಔಷಧಿ ಕೊಡುವವರು.

ಆಮೇಲೆ ನಿಮ್ಮ ಪ್ರಶ್ನೆ. ಮೊದಲ ಮೂರು ತಿಂಗಳಲ್ಲಿ ಏನೇನು ಮಾಡ್ತೀರಿ? ಯಾವ ಪುಟಗಳನ್ನು ತಿದ್ದುತ್ತೀರಿ, ಯಾಕೆ? ಬರಹ ಯಾರು ಬರೆಯುತ್ತಾರೆ? ಫಲ ಕಾಣದೆ ಹೋದರೆ ಅದಕ್ಕೆ ಏನು ಕಾರಣ ಇರಬಹುದು? ಈ ಕೊನೆಯ ಪ್ರಶ್ನೆಗೆ ಸಮಾಧಾನದಿಂದ ಉತ್ತರ ಕೊಡುವವರನ್ನು ನಾನು ನಂಬುತ್ತೇನೆ.

ಸರ್ಚ್ ಕನ್ಸೋಲ್‌ನಲ್ಲಿ ಅವರಿಗೆ ನೋಡುವಷ್ಟು ಮಾತ್ರ ಅನುಮತಿ ಕೊಟ್ಟು, ಮೊದಲು ಸೈಟ್ ಪರಿಶೀಲನೆ ಮಾಡಿಸಿ. ಇದಕ್ಕೆ ಬೇರೆ ಶುಲ್ಕ ಕೇಳಿದರೆ ಕೊಡಿ. ಅವರ ಕೈಕೆಲಸ ಹೇಗಿದೆ ಎಂದು ಕಡಿಮೆ ಹಣದಲ್ಲಿ ಗೊತ್ತಾಗುತ್ತದೆ. ಆ ಪರಿಶೀಲನೆಯ ವರದಿಯಲ್ಲಿ ನಿಮ್ಮ ಸೈಟಿನದೇ ತಪ್ಪುಗಳು ಇರಬೇಕು: ಈ ಪುಟಕ್ಕೆ ಶೀರ್ಷಿಕೆ ಇಲ್ಲ, ಈ ಫೋಟೊ 8 ಎಂಬಿ ಇದೆ, ಮೊಬೈಲ್‌ನಲ್ಲಿ ಫೋನ್ ನಂಬರ್ ಒತ್ತಲು ಆಗುತ್ತಿಲ್ಲ, ಹೀಗೆ.

ಇನ್ನು ಎದ್ದು ಬರಬೇಕಾದ ಮಾತುಗಳು.

"500 ಬ್ಯಾಕ್‌ಲಿಂಕ್ ಕೊಡ್ತೀವಿ." ಬ್ಯಾಕ್‌ಲಿಂಕ್ ಅಂದರೆ ಬೇರೆಯವರ ಸೈಟಿನಿಂದ ನಿಮ್ಮ ಸೈಟಿಗೆ ಇರುವ ಕೊಂಡಿ. ಒಂದು ಚಾರಣ ಬಳಗ ನಿಮ್ಮ ಮನೆಯಲ್ಲಿ ಉಳಿದು, ಖುಷಿಯಿಂದ ಬರೆದು ಕೊಂಡಿ ಕೊಟ್ಟರೆ ಅದಕ್ಕೆ ಬೆಲೆ ಇದೆ. ಸಂಬಂಧವೇ ಇಲ್ಲದ ಸೈಟುಗಳಲ್ಲಿ ಗಂಟುಗಟ್ಟಲೆ ಕೊಂಡುಕೊಂಡ ಕೊಂಡಿಗಳು ಗೂಗಲ್ ನಿಯಮದ ಪ್ರಕಾರ ಸ್ಪ್ಯಾಮ್. 2012ರಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ತಂದು ಗೂಗಲ್ ಇಂಥ ಸೈಟುಗಳನ್ನು ಕೆಳಗೆ ತಳ್ಳಿತು. ಶಿಕ್ಷೆ ಬಿದ್ದರೆ ಬೀಳುವುದು ನಿಮ್ಮ ಸೈಟಿಗೆ. ಅವರು ಮುಂದಿನ ಗಿರಾಕಿಯ ಹತ್ತಿರ ಹೋಗಿರುತ್ತಾರೆ.

"ಪ್ರತಿ ಊರಿಗೂ ಒಂದು ಪುಟ ಮಾಡೋಣ." ಸುಂಟಿಕೊಪ್ಪ, ಸಿದ್ದಾಪುರ, ಗೋಣಿಕೊಪ್ಪ, ಪೊನ್ನಂಪೇಟೆ ಎಂದು ಊರಿನ ಹೆಸರು ಮಾತ್ರ ಬದಲಿಸಿ ಅದೇ ಬರಹ ಹಾಕುವುದು. ಇದೂ ನಿಯಮಕ್ಕೆ ವಿರುದ್ಧ. ಯಂತ್ರದಿಂದ ನೂರಾರು ಪುಟ ಬರೆಸಿ ತುಂಬುವುದರ ವಿರುದ್ಧವೂ 2024ರ ಮಾರ್ಚ್‌ನಲ್ಲಿ ಗೂಗಲ್ ನಿಯಮ ಬಿಗಿ ಮಾಡಿದೆ.

"ರಿವ್ಯೂ ನಾವು ಹಾಕಿಸ್ತೀವಿ." ಬೇಡವೇ ಬೇಡ. ಬಂದು ಉಳಿಯದವರು ಬರೆದ ವಿಮರ್ಶೆ ಸುಳ್ಳು. ಅದನ್ನು ನಂಬಿ ಮಕ್ಕಳ ಜೊತೆ ಬರುವ ಕುಟುಂಬಕ್ಕೆ ನಾವು ಮಾಡುವ ಮೋಸ ಅದು. ಗೂಗಲ್ ಅಂಥವನ್ನು ಅಳಿಸುತ್ತದೆ. ಆನ್‌ಲೈನ್ ವಿಮರ್ಶೆಗಳು ಹೇಗಿರಬೇಕು ಎಂದು ಭಾರತೀಯ ಮಾನಕ ಬ್ಯೂರೋ 2022ರಲ್ಲೇ ಐಎಸ್ 19000 ಎಂಬ ಮಾನದಂಡ ತಂದಿದೆ. ಹೊರಡುವಾಗ ಅತಿಥಿಗಳನ್ನು ನೀವೇ ಕೇಳಿ. ಬರೆಯುವವರು ಬರೆಯುತ್ತಾರೆ.

ಹಂತ 6: ಬೀಗದ ಕೈ ನಿಮ್ಮ ಹತ್ತಿರ ಇರಲಿ

ನಾನು ಕಳೆದುಕೊಂಡದ್ದು ಇಲ್ಲಿಯೇ. ಅದಕ್ಕೆ ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಡೊಮೇನ್ ನಿಮ್ಮ ಹೆಸರು, ನಿಮ್ಮ ಈಮೇಲ್, ನಿಮ್ಮ ಫೋನ್ ನಂಬರಿನಲ್ಲಿ ನೋಂದಣಿಯಾಗಬೇಕು. ಹಣ ನಿಮ್ಮ ಕಾರ್ಡಿನಿಂದ ಹೋಗಲಿ. ಹೋಸ್ಟಿಂಗ್ ಖಾತೆಯೂ (ವೆಬ್‌ಸೈಟ್ ಇಡುವ ಬಾಡಿಗೆ ಜಾಗ) ಹಾಗೆಯೇ. ಬಿಸಿನೆಸ್ ಪ್ರೊಫೈಲ್‌ನಲ್ಲಿ ನೀವು ಮುಖ್ಯ ಓನರ್, ಅವರು ಮ್ಯಾನೇಜರ್. ಸರ್ಚ್ ಕನ್ಸೋಲ್‌ನಲ್ಲಿ ನೀವು ಓನರ್, ಅವರು ಬಳಕೆದಾರರು. ಇಲ್ಲೆಲ್ಲ ಅನುಮತಿ ಕೊಡುವ, ವಾಪಸ್ ತೆಗೆಯುವ ಸೌಲಭ್ಯ ಇದೆ. ನಿಮ್ಮ ಈಮೇಲ್ ಪಾಸ್‌ವರ್ಡ್ ಕೊಡುವ ಅಗತ್ಯ ಯಾವತ್ತೂ ಬರುವುದಿಲ್ಲ.

ಈಗಾಗಲೇ ಡೊಮೇನ್ ಬೇರೆಯವರ ಹೆಸರಿನಲ್ಲಿದ್ದರೆ ಸಂಬಂಧ ಚೆನ್ನಾಗಿರುವಾಗಲೇ ಬದಲಿಸಿಕೊಳ್ಳಿ. ಈಮೇಲ್‌ನಲ್ಲಿ ಬರೆದು ಕೇಳಿ. ವರ್ಗಾವಣೆಗೆ ಒಂದು ಕೋಡ್ ಇರುತ್ತದೆ, ಅದನ್ನು ಪಡೆದು ನಿಮ್ಮ ಖಾತೆಗೆ ತಂದುಕೊಳ್ಳಬಹುದು. ಜಗಳ ಆದ ಮೇಲೆ ಕೇಳಿದರೆ ಫೋನ್ ಎತ್ತುವವರೇ ಇರುವುದಿಲ್ಲ, ನನಗೆ ಆದ ಹಾಗೆ.

ಒಪ್ಪಂದ ಎರಡು ಪುಟ ಸಾಕು. ತಿಂಗಳಿಗೆ ಮಾಡುವ ಕೆಲಸದ ಪಟ್ಟಿ, ಶುಲ್ಕ, ಜಿಎಸ್‌ಟಿ ಸೇರಿದೆಯೋ ಬೇರೆಯೋ, ಬರಹ ಮತ್ತು ಫೋಟೊ ಯಾರ ಸ್ವತ್ತು, ಬಿಡಬೇಕಾದರೆ ಎಷ್ಟು ದಿನ ಮುಂಚೆ ಹೇಳಬೇಕು. ಕೊಂಡಿ ಕೊಳ್ಳುವುದಿಲ್ಲ, ಸುಳ್ಳು ವಿಮರ್ಶೆ ಹಾಕಿಸುವುದಿಲ್ಲ ಎಂಬ ಸಾಲೂ ಇರಲಿ. ವರ್ಷದ ಹಣ ಮುಂಗಡ ಕೊಡಬೇಡಿ. ತಿಂಗಳು ತಿಂಗಳು ಕೊಡಿ, ಆದರೆ ತಡ ಮಾಡದೆ ಕೊಡಿ.

ಹಂತ 7: ಎಷ್ಟು ದಿನ ಕಾಯಬೇಕು

ಬದಲಾವಣೆ ಮಾಡಿ ಅದರ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಎಂದು ಗೂಗಲ್‌ನವರೇ ಹೇಳಿದ್ದಾರೆ. ಇದನ್ನು ನಮ್ಮ ಕ್ಯಾಲೆಂಡರಿಗೆ ಹೊಂದಿಸಿ ನೋಡಿ. ಮಡಿಕೇರಿ ದಸರಾದಿಂದ ಹೊಸ ವರ್ಷದ ತನಕ ಜನ ಬರಬೇಕು ಎಂದಿದ್ದರೆ ಕೆಲಸ ಮಾರ್ಚ್, ಏಪ್ರಿಲ್‌ನಲ್ಲೇ ಶುರುವಾಗಬೇಕು. ಸೆಪ್ಟೆಂಬರ್‌ನಲ್ಲಿ ಹಿಡಿದು ಅಕ್ಟೋಬರ್‌ನಲ್ಲಿ ಬೈದರೆ ತಪ್ಪು ನಮ್ಮದೇ.

ಡಿಸೆಂಬರ್, ಜನವರಿಯಲ್ಲಿ ಶುರು ಮಾಡುವುದೂ ನನಗೆ ಸರಿ ಕಾಣುವುದಿಲ್ಲ. ಆಗ ಕಾಫಿ ಕೊಯ್ಲು. ಬೆಳಗ್ಗೆ ತೋಟ, ಸಂಜೆ ಕಣ. ಎಸ್‌ಇಒದವರು ಫೋಟೊ ಕೇಳುತ್ತಾರೆ, ದಾರಿಯ ವಿವರ ಕೇಳುತ್ತಾರೆ. ನಾವು ಉತ್ತರ ಕೊಡದೆ ಎರಡು ತಿಂಗಳು ಕಳೆಯುತ್ತೇವೆ. ಅವರ ಶುಲ್ಕ ಓಡುತ್ತಲೇ ಇರುತ್ತದೆ.

ಹೋಲಿಕೆ ಮಾಡುವಾಗ ಜುಲೈಯನ್ನು ಹೋದ ವರ್ಷದ ಜುಲೈ ಜೊತೆ ಇಡಿ. ಮೇ ತಿಂಗಳ ರಜೆಯಲ್ಲಿ ಎಲ್ಲರ ಮನೆಯೂ ತುಂಬುತ್ತದೆ. ಅದನ್ನು ತೋರಿಸಿ "ನಮ್ಮಿಂದ ಆಯ್ತು" ಅಂದರೆ ಒಪ್ಪಬೇಡಿ. ಮಳೆಗಾಲದಲ್ಲಿ ಇಳಿದಿದ್ದಕ್ಕೆ ಅವರನ್ನು ದೂರಲೂಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಜಿಲ್ಲೆಗೆ ಬರುವವರೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ಯಾವ ಎಸ್‌ಇಒ ಕೂಡ ರೂಮು ತುಂಬಿಸುವುದಿಲ್ಲ.

ಹಂತ 8: ರಿಪೋರ್ಟ್ ಓದುವುದು

ಕಾಫಿ ಚೆರಿ ಮಾರುವಾಗ ನಾವು ಚೀಲ ಎಣಿಸಿ ಸುಮ್ನೆ ಇರುವುದಿಲ್ಲ. ಓಟಿ ಎಷ್ಟು ಬಂತು ಅಂತ ನಿಂತು ನೋಡುತ್ತೇವೆ. 50 ಕೆಜಿ ಚೀಲದಲ್ಲಿ ಸಿಪ್ಪೆ ಹೋಗಿ ಬೀಜ ಎಷ್ಟು ಉಳಿಯಿತು ಎಂಬುದರ ಮೇಲೆ ದುಡ್ಡು. ಎಸ್‌ಇಒ ರಿಪೋರ್ಟಿನಲ್ಲಿ "ಇಂಪ್ರೆಷನ್ 40,000" ಎಂದು ಬಂದರೆ ಅದು ಚೀಲದ ಲೆಕ್ಕ. ಅಷ್ಟು ಸಲ ಪಟ್ಟಿಯಲ್ಲಿ ಹೆಸರು ಬಂದಿದೆ, ಅಷ್ಟೇ. ಎಷ್ಟು ಜನ ಒತ್ತಿದರು, ಎಷ್ಟು ಜನ ಫೋನ್ ಮಾಡಿದರು, ಎಷ್ಟು ಜನ ಬಂದು ಉಳಿದರು ಅಂತ ಕೇಳಿ. ಬೀಜ ಅದು.

ಮೂರು ಕಡೆ ಕಣ್ಣಿಡಿ. ಒಂದು, ನಿಮ್ಮದೇ ಹೋಂಸ್ಟೇ ಹೆಸರು ಹುಡುಕಿದಾಗ ಮೊದಲು ಬರುವುದನ್ನು ಸಾಧನೆಯೆಂದು ತೋರಿಸಿದ್ದಾರಾ? ಅದು ಹೇಗಿದ್ದರೂ ಬರುವಂಥದ್ದು. ಎರಡು, ಯಾರೂ ಹುಡುಕದ ಉದ್ದುದ್ದ ಪದಗಳಲ್ಲಿ ಮೊದಲ ಸ್ಥಾನ ತೋರಿಸಿದ್ದಾರಾ? ಸರ್ಚ್ ಕನ್ಸೋಲ್ ತೆರೆದರೆ ಆ ಪದಕ್ಕೆ ಎಷ್ಟು ಕ್ಲಿಕ್ ಎಂದು ತಿಳಿಯುತ್ತದೆ. ಮೂರು, ಡೊಮೇನ್ ಅಥಾರಿಟಿ ಎಂಬ ಅಂಕ ಏರಿದೆ ಎನ್ನುತ್ತಾರಾ? ಆ ಅಂಕ ಬೇರೆ ಕಂಪನಿ ಮಾಡಿದ್ದು, ಗೂಗಲ್ ಅದನ್ನು ಬಳಸುವುದಿಲ್ಲ. ನಿಮ್ಮ ಫೋನಿನಲ್ಲೇ ಹುಡುಕಿ ಖುಷಿಪಡುವುದೂ ಬೇಡ. ನಿಂತ ಜಾಗದ ಮೇಲೆ ಫಲಿತಾಂಶ ಬದಲಾಗುತ್ತದೆ. ಮನೆಯೊಳಗೆ ಕೂತು ಹುಡುಕಿದರೆ ನಿಮ್ಮ ಮನೆಯೇ ಹತ್ತಿರ.

ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗವಾದದ್ದು ಫೋನ್ ಪಕ್ಕದ ಒಂದು ನೋಟ್‌ಬುಕ್. ಕರೆ ಮಾಡಿದ ಪ್ರತಿಯೊಬ್ಬರನ್ನೂ "ನಮ್ಮ ಬಗ್ಗೆ ಹೇಗೆ ಗೊತ್ತಾಯಿತು?" ಅಂತ ಕೇಳಿ ಬರೆಯುತ್ತೇವೆ. ಗೂಗಲ್, ಸ್ನೇಹಿತರು, ಬುಕಿಂಗ್ ಆ್ಯಪ್, ದಾರಿಯ ಬೋರ್ಡು. ತಿಂಗಳ ಕೊನೆಗೆ ಇದನ್ನು ರಿಪೋರ್ಟಿನ ಪಕ್ಕ ಇಟ್ಟು ಈಗ ಕೆಲಸ ಮಾಡುವವರ ಜೊತೆ ಮಾತಾಡುತ್ತೇವೆ. ಅವರಿಗೂ ಅದು ಬೇಕಾಗಿರುತ್ತದೆ.

ಹಂತ 9: ಮುಂದುವರಿಸುವುದೋ, ಬಿಡುವುದೋ

ಮೂರು ತಿಂಗಳಾದಾಗ ಸ್ಥಾನ ನೋಡಬೇಡಿ, ಕೆಲಸ ನೋಡಿ. ಹೇಳಿದ ಪುಟಗಳು ತಿದ್ದಲ್ಪಟ್ಟಿವೆಯಾ, ಫೋಟೊಗಳು ಹಗುರಾಗಿವೆಯಾ, ಬರೆದದ್ದು ಓದುವ ಹಾಗಿದೆಯಾ? ಆಗಿದ್ದರೆ ಕಾಯಿರಿ. ಆಗದಿದ್ದರೆ ಅವತ್ತೇ ನಿಲ್ಲಿಸಿ. ಆರೇಳು ತಿಂಗಳಾದಾಗ ಕ್ಲಿಕ್, ಕರೆ ನೋಡಿ. ವರ್ಷ ತುಂಬಿದಾಗ ಹಂತ 2ರ ಲೆಕ್ಕ ಮತ್ತೆ ಹಾಕಿ.

ಬಿಡುವಾಗ ಜಗಳ ಬೇಡ. ಬಾಕಿ ಕೊಟ್ಟುಬಿಡಿ. ಬರಹ, ಮೂಲ ಫೋಟೊ, ವೆಬ್‌ಸೈಟಿನ ಒಂದು ಪ್ರತಿ, ಮಾಡಿದ ಬದಲಾವಣೆಗಳ ಪಟ್ಟಿ ತೆಗೆದುಕೊಳ್ಳಿ. ಆಮೇಲೆ ಎಲ್ಲ ಕಡೆ ಅವರ ಅನುಮತಿ ತೆಗೆಯಿರಿ. ಡೊಮೇನ್ ನವೀಕರಣದ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲೂ ಬರೆದಿಡಿ. ಜುಲೈನಲ್ಲಿ ವಾರಗಟ್ಟಲೆ ನೆಟ್ ಸರಿಯಿಲ್ಲದಾಗ ಆ ಎಚ್ಚರಿಕೆಯ ಈಮೇಲ್ ನಿಮ್ಮ ಕಣ್ಣಿಗೆ ಬೀಳದೆ ಹೋಗಬಹುದು.